ಬರೀ ಸಣ್ಣ ಪತ್ತೇದಾರಿ ಕಥೆ ಬರೆದೇ ಬದುಕಿದವರು

ಕಾದಂಬರಿ ನೆಚ್ಚಿಕೊಳ್ಳದೆ, ಬರೀ ಸಣ್ಣ ಪತ್ತೇದಾರಿ ಕಥೆಗಳಿಂದಲೇ ಹೊಟ್ಟೆ ಹೊರೆದವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಇದ್ದರು. ಅಮೆರಿಕದ ರಾಚೆಸ್ಟರ್ ಊರಿನ ಎಡ್ವರ್ಡ್ ಡಿ. ಹಾಕ್.

1930ರಲ್ಲಿ ಹುಟ್ಟಿದರು, ಮೊದಲ ಕಥೆ ಅಚ್ಚಾದದ್ದು 1955ರಲ್ಲಿ. ಆಗ ಜಾಹೀರಾತು ಕೆಲಸ. 1968ರಲ್ಲಿ ಸಣ್ಣಕಥೆಗೆ ಎಡ್ಗರ್ ಪ್ರಶಸ್ತಿ (ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಕೊಡುವುದು) ಬಂತು, ಆ ಹೊತ್ತಿಗೆ ಬರವಣಿಗೆಯೇ ಕಸುಬಾಯಿತು. ಕಾದಂಬರಿ ಬೆರಳೆಣಿಕೆಯಷ್ಟು. ಸಣ್ಣಕಥೆ ಮಾತ್ರ ಸಾವಿರದ ಹತ್ತಿರ! ಎಲ್ಲರಿ ಕ್ವೀನ್ ಅನ್ನೋ ಪತ್ತೇದಾರಿ ಕಥೆಗಳ ಪತ್ರಿಕೆಯಲ್ಲಿ 1973ರ ಮೇ ತಿಂಗಳಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರ ಕಥೆ ಒಂದು ಸಂಚಿಕೆಯಲ್ಲೂ ತಪ್ಪಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀವು ಡಾಕ್ಟರ್ ಸ್ಯಾಮ್ ಹಾಥಾರ್ನ್ ಕಥೆಗಳಿಂದ ಶುರು ಮಾಡಿ. ಹಳ್ಳಿ ವೈದ್ಯ, ಬಿಡಿಸೋಕೆ ಆಗದಂಥ ಒಗಟುಗಳು. ಮೊದಲನೆಯದರಲ್ಲೇ ನೋಡಿ: ಹಿಮದ ಮೇಲೆ ಕುದುರೆ ಗಾಡಿಯ ಗುರುತು ಚಾವಣಿ ಇರುವ ಸೇತುವೆಯೊಳಗೆ ಹೋಗುತ್ತದೆ, ಆಚೆ ಬರುವುದೇ ಇಲ್ಲ. ಗಾಡಿಯೂ ಇಲ್ಲ, ಓಡಿಸುತ್ತಿದ್ದವನೂ ಇಲ್ಲ. ಉತ್ತರ ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಓದಿ, ಸುಳಿವು ಕಣ್ಣೆದುರೇ ಇರುತ್ತದೆ. ಮೋಸ ಮಾಡೋದಿಲ್ಲ, ಅದೇ ನನಗೆ ಜಾಸ್ತಿ ಇಷ್ಟ.

ಆಮೇಲೆ ನಿಕ್ ವೆಲ್ವೆಟ್. ಬೆಲೆ ಇಲ್ಲದ ವಸ್ತುಗಳನ್ನಷ್ಟೇ ಕದಿಯುವ ಕಳ್ಳ. ಒಂದು ಕಥೆಯಲ್ಲಿ ಈಜುಕೊಳದ ನೀರನ್ನೇ ಕದಿಯುತ್ತಾನೆ!