ಹಳೆಯ ಲಾವಣಿಗಳಲ್ಲಿ ರಾಬಿನ್ ಹುಡ್

ಪ್ರಶ್ನೆ: ಶ್ರೀಮಂತರನ್ನು ದೋಚಿ ಬಡವರಿಗೆ ಹಂಚುವ ರಾಬಿನ್ ಹುಡ್ ಇಂಗ್ಲೆಂಡಿನ ಹಳೆಯ ಲಾವಣಿಗಳಲ್ಲಿಯೇ ಇದ್ದಾನೆಯೇ? ಆ ಲಾವಣಿಗಳು ಜನರನ್ನು ತಲುಪಿದ್ದು ಹೇಗೆ?

ಉತ್ತರ: ಆ ಕಥೆಯ ಬೀಜ ಮಾತ್ರ ಅಲ್ಲಿದೆ. 1377ರ ಸುಮಾರಿನ ವಿಲಿಯಂ ಲ್ಯಾಂಗ್‌ಲ್ಯಾಂಡನ ಕಾವ್ಯದಲ್ಲಿ ಸೋಮಾರಿ ಪಾದ್ರಿಯೊಬ್ಬ, ತನಗೆ ಪ್ರಾರ್ಥನೆ ಸರಿಯಾಗಿ ಬಾರದಿದ್ದರೂ ರಾಬಿನ್ ಹುಡ್‌ನ ಪದ್ಯಗಳು ಬರುತ್ತವೆ ಎನ್ನುತ್ತಾನೆ. ಎಂದರೆ ಅಚ್ಚಿಗೆ ಬರುವ ಎಷ್ಟೋ ಮೊದಲೇ ಅವು ಜನರ ಬಾಯಲ್ಲಿ ನೆಲೆಸಿದ್ದವು. 1500ರ ಆಸುಪಾಸಿನಲ್ಲಿ ಮುದ್ರಿತವಾದ ದೀರ್ಘ ಕಥನಕಾವ್ಯದ ನಾಯಕ ಕುಲೀನನಲ್ಲ, ಯೋಮನ್ ಎಂಬ ನಡುವರ್ಗದವನು. ಅವನು ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್‌ನಲ್ಲಿ ಸಂಚರಿಸುತ್ತಾನೆ, ಆ ಕಾವ್ಯದ ರಾಜ ಇಂದಿನ ಕಥೆಗಳಲ್ಲಿ ಬರುವ ರಿಚರ್ಡ್ ಅಲ್ಲ, ಎಡ್ವರ್ಡ್, ಮತ್ತು ಇಂದಿನ ಕಥೆಗಳಲ್ಲಿ ರಾಬಿನ್‌ನ ಪ್ರೇಯಸಿಯಾದ ಮೇರಿಯನ್ನಳ ಸುಳಿವೇ ಇಲ್ಲ. ಯಾರ್ಕಿನ ಮಠಕ್ಕೆ ಭೂಮಿಯನ್ನು ಒತ್ತೆಯಿಟ್ಟು ಕಂಗೆಟ್ಟ ನೈಟ್ (ಯೋಧಪದವಿಯ ಕುಲೀನ) ಒಬ್ಬನಿಗೆ ಅವನು 400 ಪೌಂಡ್ ಸಾಲ ಕೊಡುವ ಪ್ರಸಂಗ ಇಡೀ ಕಾವ್ಯದಲ್ಲಿಯೇ ಅತ್ಯಂತ ಸೊಗಸಾದದ್ದು ಎಂದು ನನ್ನ ಭಾವನೆ. ಬಡವರಿಗೆ ಅವನು ಬಹಳ ಒಳಿತು ಮಾಡಿದನೆಂಬ ಮಾತು ಬರುವುದು ಕೊನೆಯ ಸಾಲಿನಲ್ಲಿ. ಅವನಿಗೆ ಅರ್ಲ್ ಎಂಬ ಕುಲೀನ ಪದವಿ ದೊರೆತದ್ದು 1598ರಲ್ಲಿ ಆಂಥನಿ ಮಂಡೆ ಬರೆದ ನಾಟಕಗಳಲ್ಲಿ.

ಮುಂದೆ ಒಂದೇ ಹಾಳೆಯ ಲಾವಣಿಗಳೂ, ಹಾಳೆಯನ್ನು ಮಡಚಿ ಮಾಡಿದ ಚ್ಯಾಪ್‌ಬುಕ್ ಎಂಬ ಅಗ್ಗದ ಕಿರುಹೊತ್ತಗೆಗಳೂ ಊರೂರು ತಿರುಗುವ ವ್ಯಾಪಾರಿಗಳ ಮೂಲಕ ಹಳ್ಳಿಗಳಿಗೆ ತಲುಪಿದವು. ಓದಿ ಎಸೆಯುತ್ತಿದ್ದ ಇಂಥ ಹಾಳೆಗಳನ್ನು 17ನೆಯ ಶತಮಾನದಲ್ಲಿ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಶ್ರದ್ಧೆಯಿಂದ ಕೂಡಿಟ್ಟದ್ದು ನಮ್ಮ ಭಾಗ್ಯ. ಅವನ ಸಂಗ್ರಹ ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿದೆ.