ಎಫ್‌ಪಿಎಸ್ 100 ತೋರಿಸಿದರೂ ಗೇಮ್ ಜಗ್ಗಿ ಜಗ್ಗಿ ಓಡುವುದೇಕೆ?

ಗ್ರಾಫಿಕ್ಸ್ ಕಾರ್ಡ್ ಈಗಲೇ ಬದಲಾಯಿಸಬೇಡಿ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ಆತಂಕವಾಯಿತು, ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತಿದ್ದೇನೆ. ಮೂಲೆಯಲ್ಲಿ ಎಫ್‌ಪಿಎಸ್ (ಒಂದು ಸೆಕೆಂಡಿನಲ್ಲಿ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) 90ರಿಂದ 100 ತೋರಿಸುತ್ತದೆ, ಮಾನಿಟರ್ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್‌ನದು, ರ‍್ಯಾಮ್ 16 ಜಿಬಿ ಇದೆ, ಆದರೂ ಗೇಮ್ ನಡುನಡುವೆ ಜಗ್ಗುತ್ತದೆ, ಸೆಟ್ಟಿಂಗ್ಸ್ ಇಳಿಸಿದರೂ ಅಷ್ಟೇ, ಹೊಸ ಕಾರ್ಡ್ ತಗೊಳ್ಳಲಾ ಅಂತ ಕೇಳಿದ್ದೀರಿ. ಕಾರ್ಡ್‌ಗೆ ಶಕ್ತಿ ಸಾಲದೆ ಇದ್ದಿದ್ದರೆ ಭಾರ ಇಳಿಸಿದ ತಕ್ಷಣ ಅದು ಸುಧಾರಿಸಿಕೊಳ್ಳಬೇಕಿತ್ತು, ಅಲ್ವಾ? ಇಳಿಸಿಯೂ ಏನೂ ಆಗಲಿಲ್ಲ ಅಂದರೆ ತೊಂದರೆ ಬೇರೆ ಕಡೆ ಇರುವ ಸಾಧ್ಯತೆಯೇ ಜಾಸ್ತಿ.

ಮೊದಲು ಆ 100 ಅನ್ನೋ ಸಂಖ್ಯೆಯನ್ನು ನಂಬುವುದು ಬಿಡಿ. ಅದು ಸರಾಸರಿ. ಒಂದು ಸೆಕೆಂಡಿನಲ್ಲಿ 100 ಫ್ರೇಮ್ ಬಂದವು ಅಂದುಕೊಳ್ಳಿ. ಅದರಲ್ಲಿ 99 ಫ್ರೇಮ್ ತಲಾ 9 ಮಿಲಿಸೆಕೆಂಡಿಗೆ ಬಂದು, ಒಂದೇ ಒಂದು ಫ್ರೇಮ್ 109 ಮಿಲಿಸೆಕೆಂಡ್ ತಗೊಂಡರೆ ಒಟ್ಟು ಸರಿಯಾಗಿ ಒಂದು ಸೆಕೆಂಡ್ ಆಗುತ್ತದೆ. ಮೂಲೆಯಲ್ಲಿ 100 ಅಂತಲೇ ತೋರಿಸುತ್ತದೆ. ಆದರೆ ಆ ಒಂದು ಫ್ರೇಮ್ ಬರುವವರೆಗೆ ಪರದೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ನಿಂತೇ ಇತ್ತು. ನಿಮ್ಮ ಕಣ್ಣಿಗೆ ಬಿದ್ದದ್ದು ಅದು. 2011ರಲ್ಲಿ ಸ್ಕಾಟ್ ವಾಸನ್ ಅವರು ಹಾರ್ಡ್‌ವೇರ್ ವಿಮರ್ಶೆಯ ಜಾಲತಾಣ ಟೆಕ್ ರಿಪೋರ್ಟ್‌ನಲ್ಲಿ ಒಂದೊಂದು ಫ್ರೇಮಿಗೂ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ಬರೆದ ಮೇಲೆ ಕಾರ್ಡ್ ಪರೀಕ್ಷೆ ಮಾಡುವವರೂ ಇದನ್ನು ನೋಡಲು ಶುರುಮಾಡಿದರು. ಈಗ ವಿಮರ್ಶೆಗಳಲ್ಲಿ ‘1% ಲೋ’ ಅಂತ ಇನ್ನೊಂದು ಅಂಕಿ ಕೊಡುತ್ತಾರಲ್ಲ, ಅದು ಇದೇ ಲೆಕ್ಕ: ಅತಿ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮ್‌ಗಳಿಂದ ತೆಗೆದ ಎಫ್‌ಪಿಎಸ್.

ಹಾಗಾಗಿ ಇವತ್ತು ಮಾಡಬೇಕಾದ ಕೆಲಸ ಒಂದೇ. ಗೇಮ್ ಆಡುವಾಗಲೇ ಒಳಗಿನ ಅಂಕಿಗಳನ್ನು ತೋರಿಸುವ ತಂತ್ರಾಂಶ ಎಂಎಸ್ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ, ಅದರ ಜೊತೆಗೆ ರಿವಾಟ್ಯೂನರ್ ಕೂಡ ಬರುತ್ತದೆ. ಎರಡೂ ಉಚಿತ. ಮಾನಿಟರಿಂಗ್ ಪಟ್ಟಿಯಲ್ಲಿ ಫ್ರೇಮ್‌ಟೈಮ್ (ಒಂದು ಫ್ರೇಮಿಗೆ ಹಿಡಿದ ಹೊತ್ತು) ಅನ್ನೋದನ್ನು ಆರಿಸಿ, ಅದನ್ನು ಅಂಕಿಯಾಗಿ ಅಲ್ಲ, ಗ್ರಾಫ್ ಆಗಿ ತೋರಿಸುವಂತೆ ಮಾಡಿ. ಜೊತೆಗೆ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ವಿಡಿಯೊ ಮೆಮೊರಿ (ಕಾರ್ಡಿನದೇ ಮೆಮೊರಿ), ಸಿಪಿಯು (ಮುಖ್ಯ ಪ್ರೊಸೆಸರ್) ತಾಪಮಾನ, ಸಿಪಿಯು ಕ್ಲಾಕ್ (ಅದು ಓಡುವ ವೇಗ) ಇವಿಷ್ಟು ಇರಲಿ. ಆಮೇಲೆ ಗೇಮ್‌ನಲ್ಲಿ ಜಗ್ಗುವ ಜಾಗಕ್ಕೇ ಹೋಗಿ ಇಪ್ಪತ್ತು ನಿಮಿಷ ಆಡಿ. ಗೆರೆ ಸಪಾಟಾಗಿ ಹೋಗುತ್ತಾ ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ಉಳಿದ ಅಂಕಿಗಳು ಏನಾದವು ಅಂತ ನೋಡಿ. ಯಾವಾಗ ಚಿಮ್ಮುತ್ತದೆ, ಎಷ್ಟು ಹೊತ್ತಿಗೊಮ್ಮೆ ಚಿಮ್ಮುತ್ತದೆ ಅನ್ನೋದೇ ತೊಂದರೆ ಎಲ್ಲಿದೆ ಅಂತ ಹೇಳಿಬಿಡುತ್ತದೆ.

ನನ್ನದೇ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ಹತ್ತಿರವಿದೆ. ಗೇಮ್ ಶುರುವಾದಾಗ ಬೆಣ್ಣೆಯಂತೆ ಓಡುತ್ತಿತ್ತು. ಕಾಲು ಗಂಟೆ ಕಳೆದ ಮೇಲೆ, ಅದೂ ಜನ ಜಾಸ್ತಿ ಇರುವ ದೃಶ್ಯ ಬಂದಾಗ, ಎಡವಲು ಶುರುವಾಗುತ್ತಿತ್ತು. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಸೆಟ್ಟಿಂಗ್ಸ್ ಎಲ್ಲ ‘ಲೋ’ ಮಾಡಿದೆ. ಎರಡು ದಿನ ಹೋಯಿತು. ಕೊನೆಗೆ ಗ್ರಾಫ್ ಹಾಕಿಕೊಂಡು ಕೂತಾಗ ಗೊತ್ತಾಯಿತು: ಗೆರೆ ಚಿಮ್ಮಿದಾಗಲೆಲ್ಲ ಸಿಪಿಯು 100 ಡಿಗ್ರಿ ಮುಟ್ಟುತ್ತಿತ್ತು, 4200 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಕ್ಲಾಕ್ ಅರ್ಧಕ್ಕಿಂತ ಕೆಳಗೆ ಬೀಳುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು ಸಿಪಿಯು ಕೂಲರ್ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಂದು ಮೂಲೆ ಅಲ್ಲಾಡಿತು. ನಾಲ್ಕು ಕಪ್ಪು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಬೋರ್ಡಿನಿಂದ ಮೇಲೆದ್ದಿತ್ತು. ಕೂಲರ್ ಎತ್ತಿ ನೋಡಿದರೆ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಕಡೆ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು, ಆ ಪಿನ್ ಇದ್ದ ಕಡೆ ಮಾತ್ರ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಪಿನ್‌ಗಳನ್ನು ಎದುರುಬದುರಾಗಿ ಒಂದೊಂದೇ ‘ಟಕ್’ ಅನ್ನುವವರೆಗೆ ಒತ್ತಿದೆ. ಅದೇ ಗೇಮ್, ಅದೇ ದೃಶ್ಯ, 75 ಡಿಗ್ರಿ ದಾಟಲಿಲ್ಲ. ಜಗ್ಗುವುದೂ ನಿಂತಿತು.

ಪ್ರೊಸೆಸರ್‌ಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಹತ್ತಿರ ಬಂದಾಗ ಸುಟ್ಟುಹೋಗದಿರಲೆಂದು ತಾವೇ ವೇಗ ಇಳಿಸಿಕೊಳ್ಳುತ್ತವೆ. ಆಗ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕಾಯುತ್ತಾ ಕೂರುತ್ತದೆ. ಹಾಗಾಗಿ ಶುರುವಿನಲ್ಲಿ ಚೆನ್ನಾಗಿದ್ದು ಹತ್ತು ಹದಿನೈದು ನಿಮಿಷಕ್ಕೆ ಕೆಡುವ ಗೇಮ್ ಅಂದರೆ ನಾನು ಮೊದಲು ಬಿಸಿಯನ್ನೇ ಅನುಮಾನಿಸುತ್ತೇನೆ. ಧೂಳು ತುಂಬಿದ ಫ್ಯಾನ್, ಗೋಡೆಗೆ ಒತ್ತಿಕೊಂಡಿರುವ ಕ್ಯಾಬಿನೆಟ್, ಲ್ಯಾಪ್‌ಟಾಪ್ ಆದರೆ ಹಾಸಿಗೆ ಮೇಲಿಟ್ಟು ಆಡುವುದು, ಎಲ್ಲವೂ ಇದೇ ಕೆಲಸ ಮಾಡುತ್ತವೆ.

ಶುರುವಿನಿಂದಲೇ ಜಗ್ಗುತ್ತಿದ್ದರೆ ಕಥೆ ಬೇರೆ. ಆಗ ಜಿಪಿಯು ಬಳಕೆ ನೋಡಿ. ಎಫ್‌ಪಿಎಸ್ ಮಿತಿ ಏನೂ ಹಾಕಿಲ್ಲ, ಆದರೂ ಜಿಪಿಯು ಬಳಕೆ ಶೇಕಡಾ 95ರ ಮೇಲೆ ನಿಲ್ಲದೆ 50, 60ಕ್ಕೆ ಇಳಿದು ಹತ್ತಿ ಮಾಡುತ್ತಿದ್ದರೆ ಕಾರ್ಡ್‌ಗೆ ಕೆಲಸ ಸಾಕಷ್ಟು ಬೇಗ ಬರುತ್ತಿಲ್ಲ. ಕೆಲಸ ಕೊಡುವುದು ಸಿಪಿಯು ಮತ್ತು ರ‍್ಯಾಮ್. ಇಲ್ಲಿ ನಿಮ್ಮ 16 ಜಿಬಿ ಬಗ್ಗೆ ಒಂದು ಮಾತು ಕೇಳಬೇಕು: ಅದು ಒಂದೇ ಪಟ್ಟಿಯೋ (ಸ್ಲಾಟ್‌ಗೆ ಸಿಕ್ಕಿಸುವ ಸ್ಟಿಕ್), 8 ಜಿಬಿಯ ಎರಡು ಪಟ್ಟಿಯೋ? ಒಂದೇ ಆದರೆ ಅದು ಸಿಂಗಲ್ ಚಾನೆಲ್‌ನಲ್ಲಿ ಓಡುತ್ತಿದೆ, ಅಂದರೆ ಮೆಮೊರಿಗೆ ಹೋಗಿಬರುವ ದಾರಿ ಅರ್ಧ ಅಗಲದ್ದು. ಎರಡಿದ್ದರೂ ಅಕ್ಕಪಕ್ಕದ ಸ್ಲಾಟ್‌ಗೆ ಸಿಕ್ಕಿಸಿದ್ದರೆ ಅದೇ ಗತಿಯಾಗಬಹುದು. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಸಿಪಿಯು ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಇರಬೇಕು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಅದನ್ನೇ ನಂಬಿ.

ಇನ್ನೊಂದು, ಬಹಳ ಜನ ನೋಡದೇ ಬಿಡುವುದು, ರ‍್ಯಾಮ್‌ನ ವೇಗ. ಪೆಟ್ಟಿಗೆ ಮೇಲೆ 3200 ಅಂತ ಬರೆದ ಡಿಡಿಆರ್4 ರ‍್ಯಾಮ್ ತಂದು ಹಾಕಿದ ಮಾತ್ರಕ್ಕೆ 3200ರಲ್ಲಿ ಓಡುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್‌ನಲ್ಲಿ, ಎಕ್ಸ್‌ಎಂಪಿ (ಪೆಟ್ಟಿಗೆ ಮೇಲಿನ ವೇಗವನ್ನು ಜಾರಿಗೆ ತರುವ ಆಯ್ಕೆ) ಆನ್ ಮಾಡದಿದ್ದರೆ ಬಹಳ ಸಲ 2133 ಅಥವಾ 2400ರಲ್ಲೇ ಉಳಿದುಬಿಡುತ್ತದೆ. ಡಿಡಿಆರ್5 ಆದರೆ 6000 ಇರಬೇಕಾದ್ದು 4800ರಲ್ಲಿ ಕೂತಿರಬಹುದು, ಎಎಂಡಿ ಬೋರ್ಡ್‌ಗಳಲ್ಲಿ ಆ ಆಯ್ಕೆಗೆ ಎಕ್ಸ್‌ಪೋ ಅಂತ ಹೆಸರು ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ವೇಗವೂ ಕಾಣುತ್ತದೆ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತಲೂ ಕಾಣುತ್ತದೆ. ಎರಡು ಪಟ್ಟಿ ಎರಡು ಚಾನೆಲ್‌ನಲ್ಲಿ ಇವೆಯಾ ಅಂತ ತಿಳಿಯಲು ಸಿಪಿಯು-ಝಡ್ ಅನ್ನೋ ತಂತ್ರಾಂಶ ಸಾಕು. ಇಲ್ಲಿ ಸಿಗುವ ಲಾಭ ಸರಾಸರಿಗಿಂತ ಆ 1% ಲೋ ಅಂಕಿಯಲ್ಲಿ ಜಾಸ್ತಿ ಕಾಣುತ್ತದೆ, ನಿಮಗೆ ಬೇಕಾದ್ದೂ ಅದೇ ಅಲ್ವಾ.

ಹೊಸ ಜಾಗಕ್ಕೆ ಕಾಲಿಟ್ಟಾಗ, ಮೊದಲ ಸಲ ಸ್ಫೋಟ ಆದಾಗ ಮಾತ್ರ ಜಗ್ಗಿ, ಅದೇ ಜಾಗಕ್ಕೆ ಎರಡನೇ ಸಲ ಹೋದರೆ ಸರಾಗವಾಗಿ ಓಡಿದರೆ ಅದು ಶೇಡರ್ (ಬೆಳಕು, ಬಣ್ಣ ಹೇಗೆ ಕಾಣಬೇಕೆಂದು ಕಾರ್ಡ್‌ಗೆ ಹೇಳುವ ಪುಟ್ಟ ಪ್ರೋಗ್ರಾಂ) ತಯಾರಾಗುವ ಹೊತ್ತಿನ ತಡವರಿಕೆ. ಡೈರೆಕ್ಟ್‌ಎಕ್ಸ್ 12 (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಬಳಸುವ ಗೇಮ್‌ಗಳಲ್ಲಿ ಇದು ತುಂಬಾ. ಇದರಲ್ಲಿ ನಿಮ್ಮ ಕಂಪ್ಯೂಟರಿನ ತಪ್ಪೇನೂ ಇಲ್ಲ. ಗೇಮ್ ಶುರುವಿನಲ್ಲಿ ಶೇಡರ್ ಸಿದ್ಧವಾಗುತ್ತಿದೆ ಅಂತ ತೋರಿಸಿದರೆ ಅದು ಮುಗಿಯುವವರೆಗೆ ಕಾಯಿರಿ. ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಆ ಕೆಲಸ ಮತ್ತೆ ಮೊದಲಿಂದ ನಡೆಯುತ್ತದೆ, ಹಾಗಾಗಿ ಅಪ್‌ಡೇಟ್ ಆದ ದಿನ ಜಗ್ಗಿದರೆ ಗಾಬರಿ ಬೇಡ.

ತಿರುಗಿ ನೋಡಿದಾಗಲೆಲ್ಲ ಗೆರೆ ಚಿಮ್ಮುತ್ತದೆ, ಗೋಡೆ ನೆಲ ಎಲ್ಲ ಮೊದಲು ಮಸುಕಾಗಿ ಬಂದು ಆಮೇಲೆ ತಿಳಿಯಾಗುತ್ತದೆ ಅಂದರೆ ಕಾರ್ಡಿನ ಮೆಮೊರಿ ತುಂಬಿದೆಯಾ ನೋಡಿ. ತುಂಬಿ ತುಳುಕಿದ್ದನ್ನು ಕಾರ್ಡ್ ನಿಮ್ಮ ಮಾಮೂಲಿ ರ‍್ಯಾಮ್‌ನಲ್ಲಿ ಇಡುತ್ತದೆ, ಅಲ್ಲಿಂದ ತರುವ ದಾರಿ ಕಾರ್ಡಿನದೇ ಮೆಮೊರಿಗೆ ಹೋಲಿಸಿದರೆ ಎಷ್ಟೋ ಪಟ್ಟು ನಿಧಾನ. ಟೆಕ್ಸ್ಚರ್ (ಗೋಡೆ ನೆಲದ ಮೇಲಿನ ಚಿತ್ರಗಳ ಗುಣಮಟ್ಟ) ಒಂದು ಹಂತ ಇಳಿಸಿ ಸಾಕು, ನೆರಳು ಪ್ರತಿಬಿಂಬ ಎಲ್ಲ ಕೈಬಿಡಬೇಕಿಲ್ಲ. ಗೇಮ್ ಹಳೆಯ ಹಾರ್ಡ್ ಡಿಸ್ಕ್ ಮೇಲಿದ್ದರೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಎಸ್‌ಎಸ್‌ಡಿಗೆ ಸಾಗಿಸಿ.

ಗಡಿಯಾರದ ಹಾಗೆ ಇಷ್ಟು ಸೆಕೆಂಡಿಗೊಮ್ಮೆ ಸರಿಯಾಗಿ ಜಗ್ಗುತ್ತಿದ್ದರೆ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಎದ್ದು ಮಲಗುತ್ತಿದೆ. ದೀಪದ ಬಣ್ಣ ಬದಲಿಸುವ ತಂತ್ರಾಂಶ, ಗೇಮ್ ಮೇಲೆ ಕಾಣುವ ಓವರ್‌ಲೇಗಳು, ಕೆಲವೊಮ್ಮೆ ತಾಪಮಾನ ಓದುವ ತಂತ್ರಾಂಶವೇ. ಒಂದೊಂದಾಗಿ ಮುಚ್ಚಿ ನೋಡಿ. ರೈಜನ್ ಪ್ರೊಸೆಸರ್ ಇದ್ದು, ಅಪರೂಪಕ್ಕೊಮ್ಮೆ ಶಬ್ದದ ಸಮೇತ ಇಡೀ ವಿಂಡೋಸ್ ತಡವರಿಸಿದರೆ ಬಯಾಸ್ ಹಳೆಯದಾ ಅಂತ ನೋಡಿ. 2022ರಲ್ಲಿ ಎಎಂಡಿಯೇ ಎಫ್‌ಟಿಪಿಎಂ ಎಂಬ ಭದ್ರತಾ ಸೌಲಭ್ಯದ ಕಾರಣಕ್ಕೆ ಹೀಗಾಗುತ್ತದೆ ಅಂತ ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಮೂಲಕ ಸರಿಮಾಡಿತ್ತು.

ಈಗ ವಿಚಿತ್ರವಾದ ಕೇಸ್: ಗ್ರಾಫ್ ಸಪಾಟಾಗಿಯೇ ಇದೆ, ಕಣ್ಣಿಗೆ ಮಾತ್ರ ಜಗ್ಗಿದಂತೆ ಕಾಣುತ್ತದೆ. ಆಗ ಮಾನಿಟರ್ ಕಡೆ ತಿರುಗಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ 144 ಇದೆಯಾ, ಇನ್ನೂ 60ರಲ್ಲೇ ಇದೆಯಾ? ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಸಿಕ್ಕಿಸಿದೆಯಾ, ಮದರ್‌ಬೋರ್ಡ್‌ಗಾ? 144 ಹರ್ಟ್ಸ್ ಮಾನಿಟರ್ ಪ್ರತಿ 6.9 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ, ನಿಮ್ಮ ಗೇಮ್ 10 ಮಿಲಿಸೆಕೆಂಡಿಗೊಂದು ಫ್ರೇಮ್ ಕೊಡುತ್ತಿದೆ. ಫ್ರೇಮ್‌ಗಳನ್ನು ಮಾನಿಟರ್ ತಾಳಕ್ಕೆ ಕಾಯಿಸುವ ವಿ-ಸಿಂಕ್ ಹಾಕಿದ್ದರೆ ಕೆಲವು ಫ್ರೇಮ್ ಒಂದು ಸಲ, ಕೆಲವು ಎರಡು ಸಲ ಕಾಣುತ್ತವೆ, ಅದೇ ಕುಲುಕಾಟ. ಮಾನಿಟರನ್ನೇ ಗೇಮ್ ತಾಳಕ್ಕೆ ಹೊಂದಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಸೌಲಭ್ಯವನ್ನು ಮಾನಿಟರ್‌ನ ಮೆನುವಿನಲ್ಲೂ ಡ್ರೈವರ್‌ನಲ್ಲೂ, ಎರಡೂ ಕಡೆ ಆನ್ ಮಾಡಿ. ಆ ಸೌಲಭ್ಯ ಇಲ್ಲದಿದ್ದರೆ ರಿವಾಟ್ಯೂನರ್‌ನಲ್ಲಿ 72ಕ್ಕೆ ಮಿತಿ ಹಾಕಿ, 144ರ ಸರಿಯಾದ ಅರ್ಧ. ಕಡಿಮೆ ಅನ್ನಿಸಬಹುದು, ಆದರೆ ಏರಿಳಿಯುವ 100ಕ್ಕಿಂತ ಅಲ್ಲಾಡದ 72 ಕಣ್ಣಿಗೆ ಎಷ್ಟೋ ಹಿತ. ಇದನ್ನು ಮಾಡಿ ನೋಡುವವರೆಗೆ ನಾನೂ ನಂಬಿರಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ಬದಲಿಸಿ, ಅದೇ ಜಾಗದಲ್ಲಿ ಆಡಿ, ಗ್ರಾಫ್ ನೋಡಿ, ಆಮೇಲೆ ಮುಂದಿನದು. ಗೇಮ್ ಬೂಸ್ಟರ್ ಅನ್ನೋ ಹೆಸರಿನ ತಂತ್ರಾಂಶಗಳನ್ನು, ರಿಜಿಸ್ಟ್ರಿ ತಿದ್ದುವ ಫೈಲ್‌ಗಳನ್ನು ದಯವಿಟ್ಟು ಹಾಕಬೇಡಿ. ಆಮೇಲೆ ಏನು ಬದಲಾಗಿದೆ ಅಂತಲೇ ಗೊತ್ತಾಗುವುದಿಲ್ಲ.

ಮೊದಲು ಮೂರು ವಿಷಯ ನೋಡಿ ಇಲ್ಲೇ ಬರೆಯಿರಿ: ರ‍್ಯಾಮ್ ಎಷ್ಟು ಸ್ಲಾಟ್‌ನಲ್ಲಿ ಯಾವ ವೇಗದಲ್ಲಿದೆ, ಇಪ್ಪತ್ತು ನಿಮಿಷ ಆಡಿದ ಮೇಲೆ ಸಿಪಿಯು ಎಷ್ಟು ಡಿಗ್ರಿ ತೋರಿಸುತ್ತದೆ, ಜಗ್ಗಿದ ಕ್ಷಣದಲ್ಲಿ ಜಿಪಿಯು ಬಳಕೆ ಬಿತ್ತೋ ಇಲ್ಲವೋ. ಗ್ರಾಫ್ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ಹಾಕಿದರೆ ಇನ್ನೂ ಒಳ್ಳೆಯದು, ನೋಡಿ ಹೇಳುತ್ತೇನೆ.