ಮೊದಲು ಸಮುದ್ರ, ಉಳಿದದ್ದೆಲ್ಲ ಆಮೇಲೆ

ದಾವಣಗೆರೆಯಿಂದ ಅಪ್ಪ ಅಮ್ಮನ್ನ ಕರ್ಕೊಂಡು ಎರಡು ದಿನಕ್ಕೆ ಮಂಗಳೂರಿಗೆ ಹೊರಟಿದ್ದೀರಿ, ದುಡ್ಡಿಲ್ಲದೆ ನೋಡೋ ಹತ್ತು ಜಾಗ ಹೇಳಿ ಅಂದಿದ್ದೀರಿ. 2023ರ ಡಿಸೆಂಬರಿನಲ್ಲಿ ನಾನು ಹೊರಟದ್ದೂ ಹೀಗೇ, ಇದೇ ಊರಿಂದ, ಅವ್ವ ಅಪ್ಪನ ಜೊತೆ. ಜೇಬಲ್ಲಿ ಒಂಬತ್ತು ಜಾಗದ ಪಟ್ಟಿ ಇತ್ತು, ಎಲ್ಲಾ ಫ್ರೀ. ಆ ಪಟ್ಟಿ ಹಿಡ್ಕೊಂಡು ತಿರುಗಿ, ನಮ್ಮವ್ವ ಸಮುದ್ರದ ದಂಡೆವರೆಗೂ ಹೋಗಿ ಸಮುದ್ರ ನೋಡದೆ ವಾಪಸ್ ಬಂದಳು.

ಅವಳಿಗೆ ಆಗ 61 ವರ್ಷ. ಬಹಳ ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವಳು, ಕಾದ ಮರಳಿನ ಮುಂದೆ ನಿಂತೂ ನಿಂತೂ ಮಂಡಿ ಸವೆಸಿಕೊಂಡವಳು. ಅವಳು ಕಂಡ ದೊಡ್ಡ ನೀರು ಅಂದ್ರೆ ಹರಿಹರದ ಹೊಳೆ, ಸೂಳೆಕೆರೆ, ಅಷ್ಟೇ. ಬಸ್ಸಲ್ಲಿ ರಾತ್ರಿಯೆಲ್ಲ "ಸೂಳೆಕೆರೆಗಿಂತ ದೊಡ್ಡದೇನೋ?" ಅಂತ ಕೇಳ್ತಾನೇ ಇದ್ದಳು. ನಾಳೆ ನೋಡ್ತೀಯಲ್ಲ ಅಂದೆ. ನಾಳೆ ತೋರಿಸಲಿಲ್ಲ. ಪಟ್ಟಿಯಲ್ಲಿ ಸಮುದ್ರ ಕೊನೆಗಿತ್ತು, "ಸೋಮೇಶ್ವರದಲ್ಲಿ ಸೂರ್ಯಾಸ್ತ" ಅಂತ. ಎರಡನೇ ದಿನ ಸಂಜೆ ಅದನ್ನ ನೋಡಿ, ಒಂಬತ್ತರ ಬಸ್ಸು ಹತ್ತೋಣ ಅಂತ ನನ್ನ ಲೆಕ್ಕ.

ಮೊದಲ ದಿನ ಚೆನ್ನಾಗೇ ಆಯ್ತು. ಕದ್ರಿ ನೋಡಿದ್ವಿ, ಕುದ್ರೋಳಿ ನೋಡಿದ್ವಿ, ಮಂಗಳಾದೇವಿ ನೋಡಿದ್ವಿ, ಮೂರೂ ದೇವಸ್ಥಾನ. ಒಂದೇ ಕಡೆ ಅವ್ವನ ಮುಖ ಸಣ್ಣಗಾಯ್ತು. ನಮ್ಮೂರಿಂದ ಕೆಂಪು ಬಸ್ಸಲ್ಲಿ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ತಗೊಂಡು ಬಂದವಳು ಸಿಟಿ ಬಸ್ಸಲ್ಲೂ ಆಧಾರ್ ಕಾರ್ಡ್ ಮುಂದೆ ಹಿಡಿದಳು. ಕಂಡಕ್ಟರ್ ಮೆಲ್ಲಗೇ ಹೇಳಿದರು, "ಅಮ್ಮ, ಇದು ಪ್ರೈವೇಟ್ ಬಸ್, ಇದರಲ್ಲಿ ಫ್ರೀ ಇಲ್ಲ." ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ನಿಮ್ಮ ತಾಯಿಯವರಿಗೆ ಇದನ್ನ ಇಲ್ಲಿಂದಲೇ ಹೇಳಿ ಕರ್ಕೊಂಡು ಹೋಗಿ, ಎಲ್ಲರೆದುರು ಕಾರ್ಡ್ ವಾಪಸ್ ಚೀಲಕ್ಕೆ ಹಾಕ್ಕೊಳ್ಳೋ ಹಂಗೆ ಮಾಡಬೇಡಿ.

ಈಗ ತಪ್ಪಿಗೆ ಬರ್ತೀನಿ. ಇದನ್ನ ಬಿಡಿಸಿ ಹೇಳಲೇಬೇಕು.

ಎರಡನೇ ದಿನ ನಾಲ್ಕೂಕಾಲಿಗೆ ನಾವು ಸುಲ್ತಾನ್ ಬತ್ತೇರಿಯಲ್ಲಿದ್ವಿ. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗಬಾರದು ಅಂತ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಕೋಟೆ ಅದು. ನಮ್ಮ ಚಿತ್ರದುರ್ಗ ಕಂಡವರಿಗೆ ಬಹಳ ಚಿಕ್ಕದು. ಹತ್ತು ನಿಮಿಷದಲ್ಲಿ ಮುಗೀತು. ಕೆಳಗೆ ದೋಣಿ ನಿಂತಿತ್ತು. ಹೊಳೆಯ ಆಚೆ ದಡದಲ್ಲಿ ಗಾಳಿಮರದ ಸಾಲು. ಅವ್ವ ಕೇಳಿದಳು, "ಆ ಕಡೆ ಏನೈತೆ?" ದೋಣಿಯವರು ಅಂದರು, "ಸಮುದ್ರ ಉಂಟಲ್ಲ ಅಮ್ಮ, ಆ ಮರಗಳ ಹಿಂದೆಯೇ. ಬನ್ನಿ, ಐದು ನಿಮಿಷ."

ಅದು ತಣ್ಣೀರುಬಾವಿ ದಂಡೆ. ದೋಣಿಗೆ ಟಿಕೆಟ್ ಇತ್ತು, ಮೂರು ಜನಕ್ಕೂ ಸೇರಿ ಒಂದು ಬೆಣ್ಣೆ ದೋಸೆಯಷ್ಟೂ ಆಗ್ತಿರಲಿಲ್ಲ. ನಾನು ಬೇಡ ಅಂದೆ. ಜೇಬಲ್ಲಿ ದುಡ್ಡಿತ್ತು, ಆದರೆ ಎರಡು ದಿನದಿಂದ ತಲೆಯಲ್ಲಿ ಕೂತಿದ್ದ ಲೆಕ್ಕ ಒಂದೇ. ಟಿಕೆಟ್ ಇದ್ದರೆ ಅದು ನಮ್ಮ ಪಟ್ಟಿಯದ್ದಲ್ಲ. ಹೇಗೂ ಸೋಮೇಶ್ವರದಲ್ಲಿ ಫ್ರೀ ಸಮುದ್ರ ಇದೆಯಲ್ಲ ಅಂದ್ಕೊಂಡೆ.

ಸೋಮೇಶ್ವರ ಇರೋದು ಊರಿನ ದಕ್ಷಿಣಕ್ಕೆ, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ದಾಟಿ. ನಾವಿದ್ದದ್ದು ಉತ್ತರದಲ್ಲಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ವಾಪಸ್ ಬಂದ್ವಿ, ಅವ್ವ ಚಹಾ ಕುಡೀಬೇಕು ಅಂದಳು, ಕುಡಿದ್ವಿ. ಒಂದು ಬಸ್ಸು ತುಂಬಿತ್ತು ಅಂತ ಬಿಟ್ವಿ. ಆಮೇಲೆ ಗಾಬರಿಯಾಗಿ ಆಟೋ ಹಿಡಿದೆ, 350 ರೂಪಾಯಿ ಕೊಟ್ಟೆ. ಡಿಸೆಂಬರಿನಲ್ಲಿ ಅಲ್ಲಿ ಆರು ಗಂಟೆ ದಾಟುತ್ತಿದ್ದಂಗೇ ಸೂರ್ಯ ಮುಳುಗ್ತಾನೆ ಅನ್ನೋದನ್ನ ನಾನು ನೋಡಿರಲೇ ಇಲ್ಲ, ಆರೂವರೆ ಅಂತ ಅಂದಾಜಲ್ಲಿದ್ದೆ. ಸೇತುವೆ ಮೇಲೆ ಗಾಡಿಗಳ ಸಾಲಲ್ಲಿ ನಿಂತಾಗಲೇ ಆಕಾಶ ಕೆಂಪಾಗಿ ಆರಿಹೋಯ್ತು.

ದಂಡೆ ಮುಟ್ಟಿದಾಗ ಆರೂ ಮುಕ್ಕಾಲು. ಸೀಟಿ ಊದಿ ಎಲ್ಲರನ್ನೂ ನೀರಿಂದ ಮೇಲಕ್ಕೆ ಕಳಿಸ್ತಿದ್ದರು. ಅಲ್ಲಿ ಬಂಡೆ ಜಾಸ್ತಿ, ಕತ್ತಲಲ್ಲಿ ಅಪಾಯ, ಅವರು ಮಾಡಿದ್ದು ಸರಿ. ಕಂಡದ್ದು ಕಪ್ಪು, ಮಧ್ಯೆ ಆಗಾಗ ಒಂದು ಬಿಳಿ ಗೆರೆ. ಅವ್ವ ಬಗ್ಗಿ ಒಂದು ಹಿಡಿ ಮರಳು ತಗೊಂಡು ಬೆರಳಲ್ಲಿ ತಿಕ್ಕಿ ನೋಡಿದಳು. "ನಮ್ಮ ಭಟ್ಟಿದಕ್ಕಿಂತ ನುಣ್ಣಗೈತೆ" ಅಂದಳು. ಹತ್ತು ನಿಮಿಷದಲ್ಲಿ ಬಸ್ಸಿಗೆ ಅಂತ ಹೊರಟ್ವಿ. ದಾರಿಯಲ್ಲಿ ನಾನು ಸುಮ್ಮನಿದ್ದದ್ದು ನೋಡಿ ಅವಳೇ, "ಸಪ್ಪಳ ಕೇಳ್ತಲ್ಲ, ಸಾಕು ಬಿಡು" ಅಂದಳು.

ಆಮೇಲೆ ಮಂಡಿ ಕೈಕೊಟ್ಟಿತು, ಆಪರೇಷನ್ ಆಯ್ತು. ಮತ್ತೆ ಕರ್ಕೊಂಡು ಹೋಗೋಕೆ 2025ರ ಫೆಬ್ರವರಿ ಬಂತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮಂಗಳೂರಲ್ಲಿ ದೇವಸ್ಥಾನಕ್ಕೆ ಟಿಕೆಟ್ ಇಲ್ಲ, ದಂಡೆಗೆ ಟಿಕೆಟ್ ಇಲ್ಲ, ಬತ್ತೇರಿಗೂ ಇಲ್ಲ. ಹೆಚ್ಚುಕಮ್ಮಿ ಎಲ್ಲಾ ಫ್ರೀ ಇರೋ ಊರಲ್ಲಿ ಫ್ರೀ ಯಾವುದು ಅಂತ ಆರಿಸಿ ಏನು ಉಪಯೋಗ? ದುಡ್ಡು ಹೋಗೋದು ಒಂದು ಜಾಗದಿಂದ ಇನ್ನೊಂದಕ್ಕೆ ಓಡೋದರಲ್ಲಿ. ಪಣಂಬೂರು ದಂಡೆ ಊರಿನ ಉತ್ತರಕ್ಕೆ, ಸೋಮೇಶ್ವರ ದಕ್ಷಿಣಕ್ಕೆ. ಎರಡನ್ನೂ ಒಂದೇ ದಿನ ಇಟ್ಕೊಂಡರೆ ಹಿರಿಯರ ಸೊಂಟ ಬೀಳುತ್ತೆ, ನಿಮ್ಮ ಜೇಬೂ ಬೀಳುತ್ತೆ. ಒಂದು ದಿಕ್ಕು ಹಿಡೀರಿ.

ಸಮುದ್ರಾನ ಮೊದಲ ದಿನ ಬೆಳಗ್ಗೆಯೇ ತೋರಿಸಿ. ಸೂರ್ಯಾಸ್ತದ ಆಸೆ ಬಿಡಿ. ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಬಿಸಿಲು ಬೆನ್ನ ಹಿಂದಿರುತ್ತೆ, ಕಣ್ಣು ಕುಕ್ಕಲ್ಲ, ನೀರಿನ ಬಣ್ಣ ದೂರದವರೆಗೂ ಕಾಣುತ್ತೆ, ಮರಳೂ ಕಾದಿರಲ್ಲ. ಎರಡನೇ ಸಲ ಬಸ್ಸಿಳಿದು, ಮುಖ ತೊಳೆದು, ತಿಂಡಿ ಮುಗಿಸಿ ನಾವು ನೇರ ಹೋದದ್ದು ಅದೇ ಬತ್ತೇರಿಗೆ, ಅದೇ ದೋಣಿಗೆ. ಅವ್ವ ಗಾಳಿಮರದ ನೆರಳು ದಾಟಿ ಬಯಲಿಗೆ ಬಂದವಳು ನಿಂತುಬಿಟ್ಟಳು. ಆಮೇಲೆ ಒದ್ದೆ ಮರಳಲ್ಲಿ ಕಾಲು ಚಾಚಿ ಕೂತಳು, ಎರಡು ತಾಸು ಏಳಲಿಲ್ಲ. ಅವತ್ತು ಬೇರೆ ಏನೂ ನೋಡಲಿಲ್ಲ ನಾವು. ಬೇಕಾಗಲೂ ಇಲ್ಲ.

ಉಳಿದದ್ದು ಬೇಗ ಹೇಳ್ತೀನಿ. ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರ ತಪ್ಪಿಸಬೇಡಿ. ಅಂತೋನಿಯೊ ಮೊಸ್ಕೇನಿ ಅನ್ನೋ ಇಟಲಿಯ ಜೆಸ್ಯುಯಿಟ್ ಕ್ರೈಸ್ತ ಸನ್ಯಾಸಿ ಸುಮಾರು 1900ರ ಹೊತ್ತಿಗೆ ಗೋಡೆ, ಚಾವಣಿ ತುಂಬಾ ಚಿತ್ರ ಬರೆದಿದ್ದಾರೆ. ನಮ್ಮಪ್ಪ ಸುಣ್ಣ ಬಣ್ಣದ ಕೆಲಸದವರು. ಬಹುಪಾಲು ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದ್ದು, ಗಾರೆ ಆರಿದಂಗೆ ಬಣ್ಣ ಅದರೊಳಗೇ ಕಚ್ಚಿಕೊಳ್ಳುತ್ತೆ ಅಂತ ಗೊತ್ತಾದ ಮೇಲೆ ಬೆಂಚಿಂದ ಏಳಲೇ ಇಲ್ಲ. ಕದ್ರಿಯಲ್ಲಿ ಮಂಜುನಾಥನಿಗೆ ಕೈಮುಗಿದು ಬಂದುಬಿಡಬೇಡಿ, ಲೋಕೇಶ್ವರನ ಕಂಚಿನ ವಿಗ್ರಹ ಎಲ್ಲಿ ಅಂತ ಕೇಳಿ ನೋಡಿ. ಆಳುಪ ಅರಸ ಕುಂದವರ್ಮನ ಕಾಲದ್ದು, ಪೀಠದ ಶಾಸನದ ಲೆಕ್ಕಕ್ಕೆ 968ನೇ ಇಸವಿ. ದಕ್ಕೆಯಲ್ಲಿ, ಅಂದ್ರೆ ಮೀನು ದೋಣಿಗಳ ಬಂದರಲ್ಲಿ, ಮೀನು ಹರಾಜು ನೋಡಿ ಅಂತ ಯಾರಾದರೂ ಹೇಳಿದರೆ, ಹಿರಿಯರು ಜೊತೆಗಿದ್ದಾಗ ಬೇಡ. ನೆಲ ಜಾರುತ್ತೆ.

ನವೆಂಬರಿಂದ ಮೇ ಒಳಗೆ ಹೋಗೋದಾದರೆ ರಾತ್ರಿ ಯಕ್ಷಗಾನ ಬಯಲಾಟ ಎಲ್ಲಿದೆ ಅಂತ ಲಾಡ್ಜಿನವರನ್ನ ಕೇಳಿ. ಕಟೀಲು ಮೇಳದಂಥ ತಂಡಗಳ ಆಟ ಹರಕೆಯದ್ದು, ಖರ್ಚೆಲ್ಲ ಹರಕೆ ಹೊತ್ತ ಮನೆಯವರದು, ಯಾರು ಹೋಗಿ ಕೂತರೂ ಆಯ್ತು. ಜೂನ್, ಜುಲೈ ಆದರೆ ಹೋಗಲೇಬೇಡಿ. ಮಳೆಗಾಲದಲ್ಲಿ ಸಮುದ್ರ ಬಹಳ ಜೋರು, ನೀರಿಗೆ ಇಳಿಯೋಕೆ ಬಿಡಲ್ಲ.

ನಿಮ್ಮ ಬಸ್ಸು ಬೆಳಗ್ಗೆ ಎಷ್ಟು ಗಂಟೆಗೆ ಇಳಿಸುತ್ತೆ, ಲಾಡ್ಜ್ ಯಾವ ಕಡೆ ಮಾಡಿದ್ದೀರಿ ಅಂತ ಕೆಳಗೆ ಬರೀರಿ. ಅಲ್ಲಿಂದ ಯಾವ ದಂಡೆ ಹತ್ತಿರ ಅಂತ ಹೇಳ್ತೀನಿ.